ಬೋರ್ಡ್ ಕೊರೆದಾಗ ಏಳುವ ಧೂಳು

ಪ್ರಶ್ನೆ: ಮನೆಯಲ್ಲಿ ಪುಟ್ಟ ಸಿಎನ್‌ಸಿ ಯಂತ್ರದಿಂದ ಸರ್ಕ್ಯೂಟ್ ಬೋರ್ಡ್ ಕೊರೆಯುತ್ತೇನೆ. ಧೂಳು ಕೋಣೆಯಿಡೀ ಹರಡುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಬೋರ್ಡ್ ಯಾವುದೆಂದು ನೋಡಿ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಎಫ್‌ಆರ್-4 ಎಂದರೆ ಗಾಜಿನ ಎಳೆಯ ಬಟ್ಟೆಗೆ ಎಪಾಕ್ಸಿ ಕುಡಿಸಿದ ಹಲಗೆ. ಅದರ ಪುಡಿ ಚರ್ಮಕ್ಕೆ ತಗುಲಿದರೆ ನವೆ, ಗಂಟಲಿಗೆ ಹೋದರೆ ಕೆರೆತ, ಶ್ವಾಸಕೋಶಕ್ಕಂತೂ ಒಳ್ಳೆಯದಲ್ಲ. ಕಾಗದ ಮತ್ತು ಫಿನಾಲಿಕ್ ರಾಳದಿಂದಾದ ಎಫ್‌ಆರ್-1 ವಾಸಿ. ಎಂಐಟಿಯಿಂದ ಶುರುವಾದ ಫ್ಯಾಬ್ ಲ್ಯಾಬ್‌ಗಳಲ್ಲಿ ಅದನ್ನು ಬಳಸುವುದೇ ರೂಢಿ. ಬಿಟ್ ಕೂಡ ಬೇಗ ಮೊಂಡಾಗದು. ಹಾಗೆಂದು ಅದರ ಧೂಳನ್ನು ಉಸಿರಾಡಬಹುದು ಎಂದಲ್ಲ!

ತಾಮ್ರದ ಪದರ ಸಾಮಾನ್ಯವಾಗಿ 35 ಮೈಕ್ರಾನ್ ಮಾತ್ರ. ಬೋರ್ಡ್ ಸಮತಟ್ಟಾಗಿ ಕೂತಿದ್ದರೆ 0.1 ಮಿ.ಮೀ. ಆಳ ಸಾಕು, ಇನ್ನೂ ಇಳಿಸಿದರೆ ಏಳುವುದು ಬರೀ ಗಾಜಿನ ಪುಡಿ. ಯಂತ್ರವನ್ನು ಮುಚ್ಚಿದ ಪೆಟ್ಟಿಗೆಯೊಳಗಿಟ್ಟು, ಬಿಟ್‌ನ ಪಕ್ಕಕ್ಕೇ ವ್ಯಾಕ್ಯೂಮ್ ಕೊಳವೆಯ ಬಾಯಿ ಬರುವಂತೆ ಮಾಡಿ. ಅದಕ್ಕೆ ಹೆಪಾ ಫಿಲ್ಟರ್ ಇರಲೇಬೇಕು; ಇಲ್ಲದಿದ್ದರೆ ಎಳೆದುಕೊಂಡ ನುಣ್ಣನೆಯ ಧೂಳನ್ನು ಹಿಂಬದಿಯಿಂದ ಮತ್ತೆ ಕೋಣೆಗೇ ಉಗುಳುತ್ತದೆ. ಕೆಲಸ ಮುಗಿದ ಮೇಲೆ ಊದಬೇಡಿ, ಪೊರಕೆ ಆಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಪೆಟ್ಟಿಗೆ ತೆರೆಯುವಾಗಲೂ ಎನ್95 ಮಾಸ್ಕ್ ಮುಖದ ಮೇಲಿರಲಿ.