ಹಳೆಯ ಸಿಜೇರಿಯನ್ ಹೊಲಿಗೆಯಲ್ಲಿ ಗಂಟು: ಗರ್ಭಿಣಿಯರು ತಿಳಿಯಬೇಕಾದದ್ದು

ತಾಯಂದಿರೇ, ಹಿಂದಿನ ಹೆರಿಗೆ ಸಿಜೇರಿಯನ್ ಆಗಿ ಈಗ ಮತ್ತೆ ಗರ್ಭಿಣಿಯಾಗಿದ್ದೀರಾ? ಹಳೆಯ ಹೊಲಿಗೆಯ ಹತ್ತಿರ ಗಂಟು ಕೈಗೆ ಸಿಗುತ್ತಿದೆಯೇ? ಹಾಗಿದ್ದರೆ ಇದನ್ನು ಓದಿರಿ. ಓದಲು ಬಾರದವರಿಗೆ ಓದಿ ಹೇಳಿರಿ.

ಈ ಗಂಟು ಏನು?
ಗರ್ಭಕೋಶದ ಒಳಗೆ ಒಂದು ಮೆತ್ತನೆಯ ಪದರವಿದೆ. ಪ್ರತಿ ತಿಂಗಳು ಅದು ದಪ್ಪವಾಗಿ, ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಾಗಿ ಹೊರಬರುತ್ತದೆ. ಸಿಜೇರಿಯನ್ ಸಮಯದಲ್ಲಿ ಈ ಪದರದ ಕಣಗಳು ಹೊಟ್ಟೆಯ ಗಾಯದಲ್ಲಿ ಉಳಿದು ಅಲ್ಲಿಯೇ ಬೆಳೆಯಬಹುದು. ಮುಟ್ಟಿನ ದಿನಗಳಲ್ಲಿ ಅವೂ ಊದಿಕೊಂಡು ನೋಯುತ್ತವೆ. ಇದಕ್ಕೆ ಹೊಲಿಗೆ ಗಾಯದ ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ. 100 ಸಿಜೇರಿಯನ್‌ಗಳಲ್ಲಿ ಒಬ್ಬರಿಗೂ ಬಾರದಷ್ಟು ಅಪರೂಪ. ಹೆರಿಗೆಯಾಗಿ ಕೆಲವು ತಿಂಗಳಿಗೂ ಕಾಣಬಹುದು, ಕೆಲವು ವರ್ಷಗಳ ಮೇಲೂ ಕಾಣಬಹುದು. ಇದು ಅಂಟುರೋಗವಲ್ಲ. ಬಾಣಂತನದಲ್ಲಿ ಪಥ್ಯ ತಪ್ಪಿದ್ದರಿಂದ ಬಂದದ್ದೂ ಅಲ್ಲ. ಕ್ಯಾನ್ಸರ್ ಆಗುವುದು ಬಹಳ ಅಪರೂಪ.

ಗರ್ಭಿಣಿಯಾದಾಗ ಏನಾಗುತ್ತದೆ?
ಮುಟ್ಟು ನಿಲ್ಲುವುದರಿಂದ ಅನೇಕರಿಗೆ ನೋವು ಕಡಿಮೆಯಾಗುತ್ತದೆ. ಕೆಲವರಲ್ಲಿ ಮಾತ್ರ ಗರ್ಭದ ಹಾರ್ಮೋನುಗಳಿಂದ ಗಂಟು ಬೇಗ ದೊಡ್ಡದಾಗುತ್ತದೆ. ಆಗ ಇದು ಹರ್ನಿಯಾವೋ, ಕೀವೋ, ಬೇರೆ ಗಡ್ಡೆಯೋ ಎಂದು ತಿಳಿಯುವುದು ಕಷ್ಟ. ಏಕೆಂದರೆ ತಿಂಗಳಿಗೊಮ್ಮೆ ನೋಯುವ ಗುರುತು ಈಗ ಇರುವುದಿಲ್ಲ. ಆ ಗುರುತು ನಿಮ್ಮ ನೆನಪಿನಲ್ಲಿ ಮಾತ್ರ ಇದೆ. ಆದ್ದರಿಂದ ಮೊದಲ ತಪಾಸಣೆಯಲ್ಲೇ ಹೇಳಿರಿ: ಗಂಟು ಯಾವಾಗಿನಿಂದ ಇದೆ? ಗರ್ಭ ನಿಲ್ಲುವ ಮುಂಚೆ ಮುಟ್ಟಿನ ದಿನಗಳಲ್ಲಿ ಹೆಚ್ಚು ನೋಯುತ್ತಿತ್ತೇ? ಎಲ್ಲರಿಗೂ ಹಾಗೆ ನೋಯುವುದಿಲ್ಲ. ನೋವು ಇರದಿದ್ದರೂ ಗಂಟನ್ನು ತೋರಿಸಿರಿ.

ಪರೀಕ್ಷೆ ಮತ್ತು ಚಿಕಿತ್ಸೆ
ಮೊದಲು ಸ್ಕ್ಯಾನಿಂಗ್ ಮಾಡುತ್ತಾರೆ, ಅದರಿಂದ ಮಗುವಿಗೆ ತೊಂದರೆಯಿಲ್ಲ. ಅನುಮಾನವಿದ್ದರೆ ಸೂಜಿಯಿಂದ ಸ್ವಲ್ಪ ತೆಗೆದು ಪರೀಕ್ಷಿಸುತ್ತಾರೆ. ಗಂಟು ಹೊಟ್ಟೆಯ ಗೋಡೆಯಲ್ಲಿರುತ್ತದೆ, ಮಗು ಗರ್ಭಕೋಶದೊಳಗೆ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ ಹೆರಿಗೆಯವರೆಗೆ ಕಾಯುತ್ತಾರೆ. ಈ ಸಲವೂ ಸಿಜೇರಿಯನ್ ಆದರೆ ಆಗಲೇ ತೆಗೆಯಬಹುದೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆಯಬೇಕು, ಇಲ್ಲವಾದರೆ ಮತ್ತೆ ಬೆಳೆಯಬಹುದು.

ಹೀಗೆ ಮಾಡಬೇಡಿರಿ
• ಗಂಟನ್ನು ಹಿಚುಕುವುದು, ಬಿಸಿ ಶಾಖ ಕೊಡುವುದು, ನಾಟಿ ಲೇಪ ಹಚ್ಚುವುದು, ಸೂಜಿ ಚುಚ್ಚುವುದು.
• ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು, ವಿಶೇಷವಾಗಿ 5 ತಿಂಗಳ ನಂತರ, ಮಗುವಿನ ಮೂತ್ರಪಿಂಡ ಮತ್ತು ಹೃದಯಕ್ಕೆ ತೊಂದರೆ ಕೊಡಬಹುದು.

ತಕ್ಷಣ ಆಸ್ಪತ್ರೆಗೆ ಬನ್ನಿರಿ
• ರಕ್ತಸ್ರಾವ, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು.
• ಕಿಬ್ಬೊಟ್ಟೆಯಲ್ಲಿ ಬಿಡದೆ ನೋವು. ಗರ್ಭಕೋಶದ ಹಳೆಯ ಹೊಲಿಗೆ ಬಿಡುತ್ತಿರಬಹುದು. “ಅದೇ ಹಳೆಯ ಗಂಟಿನ ನೋವು” ಎಂದು ಮನೆಯಲ್ಲಿ ಕೂರಬೇಡಿರಿ.
• ಜ್ವರ, ಗಂಟಿನಿಂದ ಕೀವು.
• ಗಂಟು ಗಟ್ಟಿಯಾಗಿ ನೋಯುತ್ತಾ ವಾಂತಿ ಬರುವುದು.

ಮುಟ್ಟಿನ ವಿಷಯವನ್ನು ಎಲ್ಲರ ಮುಂದೆ ಹೇಳಲು ಸಂಕೋಚವಾಗುವುದು ಸಹಜ. ಸಿಸ್ಟರ್‌ಗೆ ಹೇಳಿರಿ, ಪಕ್ಕಕ್ಕೆ ಕರೆದು ಕೇಳಿ ನಿಮ್ಮ ತಾಯಿ ಕಾರ್ಡಿನಲ್ಲಿ ಬರೆದುಕೊಡುತ್ತೇವೆ. ಹೆರಿಗೆಗೆ ಬರುವಾಗ ಆ ಕಾರ್ಡನ್ನು ಮರೆಯದೆ ತನ್ನಿರಿ.