ಸ್ವಿಚ್ಚಿನೊಳಗಿನ ಕಿಡಿ

ರೇಡಿಯೋದಲ್ಲಿ ಮೀಡಿಯಂ ವೇವ್ ಕೇಂದ್ರವೊಂದನ್ನು ಕೇಳುತ್ತ ಕುಳಿತಿರುವಾಗ ಯಾರಾದರೂ ದೀಪದ ಸ್ವಿಚ್ಚು ಒತ್ತಿದರೆ, ಹಾಡಿನ ನಡುವೆ ‘ಟಕ್’ ಎಂಬ ಸದ್ದು ಕೇಳಿಬರುವುದನ್ನು ನೀವು ಗಮನಿಸಿರಬಹುದು. ಅದು ರೇಡಿಯೋದ ದೋಷವಲ್ಲ. ಸ್ವಿಚ್ಚಿನೊಳಗಿನ ಲೋಹದ ತುಂಡುಗಳು ಕೂಡುವಾಗಲೋ ಅಗಲುವಾಗಲೋ ಹಾರಿದ ಕಿಡಿಯ ಸದ್ದು. ನಡುಮನೆಯಲ್ಲಿ ಈ ಕಿಡಿ ನಿರುಪದ್ರವಿ. ಆದರೆ ಸುತ್ತಲಿನ ಗಾಳಿಯಲ್ಲಿ ಉರಿಯುವ ಆವಿಯೋ ಧೂಳೋ ತಕ್ಕ ಪ್ರಮಾಣದಲ್ಲಿ ಬೆರೆತಿದ್ದರೆ, ಅದೇ ಕಿಡಿ ಮನೆಯನ್ನೇ ಕೆಡವಬಲ್ಲದು.

ಎಲ್ಲ ಎಣ್ಣೆಯೂ ಒಂದೇ ಬಗೆಯಲ್ಲ. ಕೊಟ್ಟೂರಿನ ಬಳಿಯ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ಜಾತ್ರೆಯ ಕಾಲದಲ್ಲಿ ಕೊಡಗಟ್ಟಲೆ ಎಣ್ಣೆ ಎರೆಯುತ್ತಾರೆ. ಅದರಿಂದ ಗಾಳಿ ಹೊತ್ತಿಕೊಳ್ಳುವ ಭಯವಿಲ್ಲ. ಏಕೆಂದರೆ ಅಡಿಗೆಗೆ ಬಳಸುವಂಥ ಎಣ್ಣೆಗಳು 200 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾದ ಹೊರತು ಹೊತ್ತುವಷ್ಟು ಆವಿಯನ್ನು ಬಿಡುವುದಿಲ್ಲ. ಸೀಮೆಎಣ್ಣೆಗೆ ಸುಮಾರು 40 ಡಿಗ್ರಿ ಸಾಕು. ಬಳ್ಳಾರಿ ಸೀಮೆಯ ಬೇಸಗೆಯ ಮಧ್ಯಾಹ್ನ ಅಷ್ಟನ್ನು ಮುಟ್ಟುತ್ತದೆ. ಪೆಟ್ರೋಲಂತೂ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಆವಿ ಬಿಡುತ್ತದೆ. ಅಂಗಡಿಯ ಮೂಲೆಯಲ್ಲಿ ಬಾಟಲಿಗಳಲ್ಲಿಟ್ಟ ಪೆಟ್ರೋಲು, ಅದರ ಮೇಲೊಂದು ಸಡಿಲವಾದ ಪ್ಲಗ್ಗು, ಇವೆರಡೂ ಕೂಡಿರಬಾರದು.

ಅಡಿಗೆ ಅನಿಲವು ಗಾಳಿಯಲ್ಲಿ ನೂರಕ್ಕೆ ಸುಮಾರು 2ರಿಂದ 9 ಪಾಲು ಇದ್ದಾಗ ಸ್ಫೋಟಿಸುತ್ತದೆ. ಅದು ಗಾಳಿಗಿಂತ ಭಾರ. ನೆಲದ ಮೇಲೆ ನೀರಿನಂತೆ ಹರಿದು ತಗ್ಗಿನಲ್ಲಿ ಕೂಡುತ್ತದೆ.

ಇನ್ನು ಧೂಳು. ಹಿಟ್ಟಿನ ಮುದ್ದೆ ಸಿಡಿಯುವುದಿಲ್ಲ. ಗಾಳಿಯಲ್ಲಿ ದಟ್ಟವಾಗಿ ತೇಲುವ ಒಣಹಿಟ್ಟು ಸಿಡಿಯುತ್ತದೆ. ಇಟಲಿಯ ಟೂರಿನ್ ನಗರದ ಹಿಟ್ಟಿನ ಉಗ್ರಾಣವೊಂದು 1785ರಲ್ಲಿ ಹೀಗೆಯೇ ಸಿಡಿಯಿತು. ಅಲ್ಲಿ ಕಿಡಿಯ ಕೆಲಸ ಮಾಡಿದ್ದು ಒಂದು ದೀಪ. ನಮ್ಮ ಕಡೆಯ ಮೆಕ್ಕೆಜೋಳದ ಗೋದಾಮು, ಹಿಟ್ಟಿನ ಗಿರಣಿ, ಹತ್ತಿಯ ಜಿನ್ನಿಂಗ್ ಕಾರ್ಖಾನೆಗಳಲ್ಲಿ ಇನ್ನೊಂದು ಅಪಾಯವೂ ಉಂಟು. ಮೋಟಾರಿನ ಮೇಲೆ ಕುಳಿತ ಧೂಳು ಕಂಬಳಿಯಂತೆ ಅದರ ಕಾವನ್ನು ಹಿಡಿದಿಟ್ಟು, ತಾನೇ ಕಮರತೊಡಗುತ್ತದೆ. ಆದಕಾರಣ ಅಲ್ಲಿ ಧೂಳು ನುಗ್ಗದ ಮೋಟಾರು, ಮುಚ್ಚಿದ ಬಲ್ಬು ಬೇಕು. ಪ್ರತಿದಿನವೂ ಧೂಳು ತೆಗೆಯಬೇಕು.

ಇಂಥ ಸ್ಥಳಗಳಲ್ಲಿ ವಿದ್ಯುತ್ತನ್ನು ಬಳಸುವುದಾದರೂ ಹೇಗೆ? ಇಂಜಿನಿಯರುಗಳು ಮುಖ್ಯವಾಗಿ ಎರಡು ದಾರಿಗಳನ್ನು ಕಂಡುಕೊಂಡಿದ್ದಾರೆ. ಸಣ್ಣ ಸಂದಿಯಲ್ಲಿ ನುಸುಳುವ ಜ್ವಾಲೆ ಲೋಹಕ್ಕೆ ಕಾವನ್ನು ಕೊಟ್ಟು ಆರಿಹೋಗುತ್ತದೆ. 1815ರಲ್ಲಿ ಹಂಫ್ರಿ ಡೇವಿ ಗಣಿಯ ದೀಪಕ್ಕೆ ತಂತಿಬಲೆ ಸುತ್ತಿದ್ದು ಇದೇ ತತ್ತ್ವದಿಂದ. ಜ್ವಾಲಾರೋಧಕ ಪೆಟ್ಟಿಗೆಯೂ ಹಾಗೆಯೇ. ಅನಿಲ ಒಳಗೆ ಹೋಗಬಹುದು, ಅಲ್ಲಿಯೇ ಸಿಡಿಯಲೂಬಹುದು. ಆದರೆ ದಪ್ಪ ಲೋಹ ಒಡೆಯದು, ಕಿರಿದಾದ ಕೀಲುಗಳ ಮೂಲಕ ಜ್ವಾಲೆ ಹೊರಬಾರದು. ಒಂದು ಬೋಲ್ಟು ಕಳಚಿದರೆ ಈ ರಕ್ಷಣೆ ಇಲ್ಲವಾಗುತ್ತದೆ.

ಎರಡನೆಯದು, ಹೊತ್ತಿಸಲಾರದಷ್ಟು ದುರ್ಬಲವಾದ ಕಿಡಿ. 1913ರಲ್ಲಿ ವೇಲ್ಸ್‌ನ ಸೆಂಗೆನಿತ್ ಗಣಿಯಲ್ಲಿ 439 ಗಣಿಗಾರರು ಸತ್ತರು. ಕಾರಣ ಕೊನೆಗೂ ನಿರ್ಧಾರವಾಗಲಿಲ್ಲ; ಆದರೆ ಸಂಜ್ಞೆಯ ವಿದ್ಯುತ್ ಗಂಟೆಯ ಮೇಲೆ ಅನುಮಾನ ಬಿತ್ತು. ಬ್ಯಾಟರಿಯ ಅಲ್ಪ ವಿದ್ಯುತ್ತೂ ಗಣಿಯ ಅನಿಲವನ್ನು ಹೊತ್ತಿಸಬಲ್ಲದೆಂದು ಪ್ರಯೋಗಗಳು ತೋರಿಸಿದವು. ಅಲ್ಲಿಂದ ಮುಂದೆ ಮಂಡಲದ ಶಕ್ತಿಯನ್ನೇ ಮಿತಿಗೊಳಿಸುವ ಉಪಕರಣಗಳು ಬಂದವು.

ಎಲ್ಲೆಡೆಯೂ ಇಂಥ ಸಾಮಗ್ರಿ ಬೇಕಿಲ್ಲ. ಅಪಾಯದ ಅನಿಲ ಸದಾ ಇರುವ ಎಡೆ ಸೊನ್ನೆಯ ವಲಯ. ಕೆಲಸದ ನಡುವೆ ಆಗಾಗ ಬರಬಹುದಾದದ್ದು ಒಂದನೆಯದು. ಏನಾದರೂ ಕೆಟ್ಟಾಗ ಮಾತ್ರ, ಅದೂ ಸ್ವಲ್ಪ ಹೊತ್ತು ಬರುವಂಥದು ಎರಡನೆಯದು. ವಲಯಕ್ಕೆ ತಕ್ಕಂತೆ ಸಾಮಗ್ರಿ.

ನಿಮ್ಮ ಅಡಿಗೆಮನೆ ಯಾವ ವಲಯದಲ್ಲೂ ಇಲ್ಲ. ಆದರೂ ರೆಗ್ಯುಲೇಟರು ಸೋರಿದ ರಾತ್ರಿ ಅದು ಅಂಥ ಸ್ಥಳವೇ ಆಗಿಬಿಡುತ್ತದೆ. ಆಗ ಸ್ವಿಚ್ಚು ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲಿಯೂ ಕಿಡಿಯುಂಟು. ಫ್ಯಾನು ತಿರುಗುತ್ತಿದ್ದರೆ ತಿರುಗಲಿ, ನಿಂತಿದ್ದರೆ ನಿಂತಿರಲಿ. ಒಲೆ, ದೇವರ ದೀಪ, ಊದುಬತ್ತಿಗಳನ್ನು ನಂದಿಸಿ, ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಅಂಗಳದಾಚೆ ನಿಂತು 1906ಕ್ಕೆ ಫೋನು ಮಾಡಿ. ವಾಸನೆ ಪೂರ್ತಿ ಹೋಗುವವರೆಗೆ ಕತ್ತಲೆಯೇ ಕ್ಷೇಮ.