ಗುಂಡಿನ ವೇಗ ಅಳೆಯೋಕೆ ರೇಡಾರ್ ಬೇಕಾ, ಫೋನ್ ಸಾಕಾ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೆ ಕೆಲವು ಗೋದಾಮುಗಳು ಖಾಲಿ ಬೀಳುತ್ತವೆ. ಅಂಥದ್ದೊಂದರಲ್ಲಿ ನಾವು ಐದು ಮಂದಿ ಭಾನುವಾರ ಸೇರಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತೇವೆ. ನಾನು ರಾಣೆಬೆನ್ನೂರಿನಿಂದ ರೈಲು ಹತ್ತುತ್ತೇನೆ. ಹಾವೇರಿ ಕಡೆಯಿಂದ ಇಬ್ಬರು ಬರುತ್ತಾರೆ. ಗೋದಾಮು ಖಾಲಿಯಾಗಿ ತಿಂಗಳುಗಳು ಕಳೆದರೂ ಗೋಡೆಗೆ ಹಿಡಿದ ಘಾಟು ಹೋಗಿರುವುದಿಲ್ಲ. ಉಸಿರು ಬಿಗಿಹಿಡಿದು ಟ್ರಿಗರ್ ಒತ್ತುವ ಹೊತ್ತಿಗೇ ಸೀನು ಬರುವುದು ಬೇರೆ ಯಾವ ರೇಂಜಿನಲ್ಲೂ ಇಲ್ಲದ ಕಷ್ಟ.

ನಮ್ಮಲ್ಲಿ ಚೆನ್ನಾಗಿ ಹೊಡೆಯುವವಳು ಬ್ಯಾಡಗಿಯ ಬಿ.ಕಾಂ. ಹುಡುಗಿ, ವಯಸ್ಸಿನಲ್ಲಿ ಎಲ್ಲರಿಗಿಂತ ಸಣ್ಣವಳು. ಈ ವರ್ಷ ರಾಜ್ಯಮಟ್ಟದ ಸ್ಪರ್ಧೆಗೆ ಹೋಗಬೇಕೆಂದು ಅವರಪ್ಪ ಮೆಣಸಿನಕಾಯಿ ಮಾರಿದ ರೊಕ್ಕದಲ್ಲಿ ಸೆಕೆಂಡ್ ಹ್ಯಾಂಡ್ ರೈಫಲ್ ಕೊಡಿಸಿದ್ದರು. ಸಿಲಿಂಡರಿನಲ್ಲಿ ಗಾಳಿ ತುಂಬಿಟ್ಟುಕೊಂಡು ಹೊಡೆಯುವ ಪಿಸಿಪಿ ಮಾದರಿಯದು. ಹೊಸದಾದರೆ ಬೆಲೆ ಲಕ್ಷ ದಾಟುತ್ತದೆ. ಆದರೆ ಅದು ಬಂದಾಗಿನಿಂದ ಅವಳ ಅಂಕ ಏರುವ ಬದಲು ಇಳಿಯತೊಡಗಿತು. ಟಾರ್ಗೆಟ್ ಹಾಳೆಯಲ್ಲಿ ತೂತುಗಳು ಎಡಬಲಕ್ಕೆ ಹರಡುತ್ತಿರಲಿಲ್ಲ, ಮೇಲಿಂದ ಕೆಳಕ್ಕೆ ಸಾಲು ಹಿಡಿದಂತೆ ಬೀಳುತ್ತಿದ್ದವು. ಎರಡು ತಿಂಗಳು ನೋಡಿದ ಅವರಪ್ಪ ಒಂದು ದಿನ ಗೋದಾಮಿಗೇ ಬಂದು ಹೇಳಿದರು: ‘ರೈಫಲ್ ಕೆಟ್ಟೈತೋ, ನಮ್ಮ ಹುಡುಗಿ ಕೈ ಕೆಟ್ಟೈತೋ, ಮೊದ್ಲ ಅದನ್ನ ಹೇಳ್ರಿ. ಕೈ ಕೆಟ್ಟಿದ್ರ ಇದನ್ನ ಮಾರಿ ಕೋಚಿಂಗ್ ಕ್ಲಾಸಿಗೆ ಹಾಕ್ತೀನಿ. ಬ್ಯಾಂಕ್ ಪರೀಕ್ಷೆನರ ಬರೀಲಿ.’

ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಶೂಟಿಂಗ್‌ನಲ್ಲಿ ಮುಂದೆ ಬಂದರೆ ಕ್ರೀಡಾ ಕೋಟಾದ ನೌಕರಿ ಸಿಗಬಹುದೆಂಬ ಆಸೆ ನಮ್ಮೆಲ್ಲರಿಗೂ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಪಕ್ಕದ ಕೊಲ್ಲಾಪುರ ಜಿಲ್ಲೆಯವರು, ಆಗ ರೈಲ್ವೆಯಲ್ಲಿ ಟಿಕೆಟ್ ತಪಾಸಕರಾಗಿದ್ದವರು. ಅಂಥ ಒಂದು ಉದಾಹರಣೆ ಇಟ್ಟುಕೊಂಡು ಎಷ್ಟು ದಿನ ಅಪ್ಪನ ದುಡ್ಡು ಸುರಿಯುವುದು?

ಏರ್ ರೈಫಲ್ ಟಾರ್ಗೆಟ್ ನೋಡದವರಿಗೆ ಒಂದು ಮಾತು. ಹತ್ತು ಅಂಕದ ಜಾಗ ಅಂದರೆ ಅರ್ಧ ಮಿಲಿಮೀಟರಿನ ಚುಕ್ಕೆ. ಅದನ್ನು 10 ಮೀಟರ್ ದೂರದಿಂದ 4.5 ಮಿ.ಮೀ. ದಪ್ಪದ ಸೀಸದ ಪೆಲೆಟ್ಟಿನಲ್ಲಿ ಮುಟ್ಟಬೇಕು. ಅಲ್ಲಿಂದ ಆಚೆ ಪ್ರತಿ ಎರಡೂವರೆ ಮಿಲಿಮೀಟರಿಗೆ ಒಂದು ಅಂಕ ಹೋಗುತ್ತದೆ. ತೂತುಗಳು ಮೇಲೆ ಕೆಳಗೆ ಮಾತ್ರ ಸಾಲಾಗಿ ಬೀಳುತ್ತಿದ್ದರೆ ಎರಡು ಕಾರಣ ಇರಬಹುದು: ಒಂದೋ ಉಸಿರಾಟ, ಇಲ್ಲವೇ ಪೆಲೆಟ್ಟಿನ ವೇಗ. ವೇಗ ಕಡಿಮೆಯಾದರೆ ದಾರಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಹೆಚ್ಚು ಹೊತ್ತು ಇದ್ದಷ್ಟೂ ಹೆಚ್ಚು ಕೆಳಗೆ ಬೀಳುತ್ತದೆ. ಉಸಿರಾಟವನ್ನು ಅಳೆಯಲು ನಮ್ಮಲ್ಲಿ ದಾರಿ ಇಲ್ಲ. ವೇಗವನ್ನು ಅಳೆಯಬಹುದು.

‘ರೇಡಾರ್ ತಗೊಳ್ಳೋಣು, ತಲಾ ನಾಲ್ಕು ಸಾವಿರ ಹಾಕ್ರಿ’ ಅಂದವರು ಹಾವೇರಿಯ ನಮ್ಮ ಹಿರಿಯಣ್ಣ. ಎನ್‌ಸಿಸಿ ಮುಗಿಸಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾರೆ. ಐದು ಜನ ಸೇರಿದರೆ 20 ಸಾವಿರ. ಆ ದುಡ್ಡು ಕೈಯಲ್ಲಿ ಹಿಡಿದು ಯಾವ ಉಪಕರಣ ಕೊಳ್ಳುವುದೆಂದು ಹುಡುಕುವ ಕೆಲಸ, ಫಿಸಿಕ್ಸ್ ವಿದ್ಯಾರ್ಥಿ ಎಂಬ ಒಂದೇ ಕಾರಣಕ್ಕೆ, ನನ್ನ ಪಾಲಿಗೆ ಬಂತು.

ಗುಂಡಿನ ವೇಗ ಅಳೆಯುವ ಸಾಧನಕ್ಕೆ ಕ್ರೊನೊಗ್ರಾಫ್ ಎನ್ನುತ್ತಾರೆ. ರೇಡಾರ್ ಕ್ರೊನೊಗ್ರಾಫ್ ಕೆಲಸ ಮಾಡುವುದು ಡಾಪ್ಲರ್ ಪರಿಣಾಮದ ಮೇಲೆ, ಕ್ರಿಕೆಟ್ ಮೈದಾನದಲ್ಲಿ ಬೌಲರ್ ವೇಗ ತೋರಿಸುವ ರೇಡಾರ್ ಗನ್ನಿನ ಹಾಗೆಯೇ. ರೇಡಿಯೊ ಅಲೆ ಹೋಗಿ ಓಡುತ್ತಿರುವ ವಸ್ತುವಿಗೆ ಬಡಿದು ವಾಪಸ್ ಬರುವಾಗ ಅದರ ಆವರ್ತನ ಬದಲಾಗಿರುತ್ತದೆ. ವಸ್ತು ಎಷ್ಟು ವೇಗವೋ ಅಷ್ಟು ವ್ಯತ್ಯಾಸ. ಇಂಥ ಹಲವು ಉಪಕರಣಗಳ ಅಲೆ 24 ಗಿಗಾಹರ್ಟ್ಸ್ ಆಸುಪಾಸಿನದು. ಗಂಟೆಗೆ 144 ಕಿ.ಮೀ. ವೇಗದ ಚೆಂಡು ಅದರಲ್ಲಿ ಸುಮಾರು 6,400 ಹರ್ಟ್ಸ್ ವ್ಯತ್ಯಾಸ ತರುತ್ತದೆ. ಸ್ಪೀಕರಿಗೆ ಕೊಟ್ಟರೆ ನಮ್ಮ ಕಿವಿಗೇ ಕೇಳುವ ಸದ್ದು ಅದು. ಸೆಕೆಂಡಿಗೆ 175 ಮೀಟರ್ ಹೋಗುವ ಪೆಲೆಟ್ಟಿನದು 28,000 ಹರ್ಟ್ಸ್. ನಮಗೆ ಕೇಳದು, ಗೋದಾಮಿನ ಬಾಗಿಲಲ್ಲಿ ಮಲಗುವ ನಾಯಿಗೆ ಕೇಳೀತು.

ಓದುತ್ತಾ ಹೋದಂತೆ ರೇಡಾರಿನ ಮೇಲೆ ಆಸೆ ಹೆಚ್ಚಾಯಿತು. ಗುಂಡು ಹೋಗುವ ದಾರಿಯಲ್ಲಿ ಏನನ್ನೂ ಇಡಬೇಕಿಲ್ಲ. ರೈಫಲ್ ಪಕ್ಕದಲ್ಲಿಟ್ಟು ಹೊಡೆದರೆ ಸಾಕು, ಪರದೆಯ ಮೇಲೆ ಅಂಕಿ ಬರುತ್ತದೆ. ಪಕ್ಕದಿಂದ ನೋಡುವುದರಿಂದ ತಪ್ಪು ಬರುವುದಿಲ್ಲವೇ ಎಂದು ನಮ್ಮವರು ಕೇಳಿದರು. ಬರುತ್ತದೆ, ಆದರೆ ನಗಣ್ಯ: ಗೇಣುದ್ದ ಪಕ್ಕಕ್ಕಿಟ್ಟು ಐದು ಮೀಟರ್ ಮುಂದಿನ ಪೆಲೆಟ್ ನೋಡಿದರೆ ಕೋನ ಮೂರು ಡಿಗ್ರಿಯೂ ಇರುವುದಿಲ್ಲ. ಅದೇ ರಸ್ತೆ ಬದಿಯಲ್ಲಿ ನಿಂತು 20 ಡಿಗ್ರಿ ಕೋನದಲ್ಲಿ ರೇಡಾರ್ ಗನ್ ಹಿಡಿದರೆ 80ರಲ್ಲಿ ಬರುವ ಗಾಡಿ 75 ಅಂತ ತೋರಿಸುತ್ತದೆ. ಲಾಭ ಡ್ರೈವರನಿಗೆ.

ತೊಡಕುಗಳು ಆಮೇಲೆ ಕಂಡವು. 24 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಮಿಲಿಮೀಟರ್, ನಮ್ಮ ಪೆಲೆಟ್ ನಾಲ್ಕೂವರೆ. ಅಲೆಗಿಂತ ಚಿಕ್ಕ ವಸ್ತುವಿನಿಂದ ವಾಪಸ್ ಬರುವ ಸಂಕೇತ ತೀರಾ ಕ್ಷೀಣ. ದೊಡ್ಡ ರೈಫಲ್ ಗುಂಡನ್ನು ದೂರದವರೆಗೆ ಹಿಂಬಾಲಿಸುವ ಯಂತ್ರ ಪೆಲೆಟ್ಟನ್ನು ಸ್ವಲ್ಪ ದೂರಕ್ಕೇ ಕಳೆದುಕೊಳ್ಳುತ್ತದೆ. ಕೊಳ್ಳುವವರು ‘ಏರ್‌ಗನ್ನಿಗೆ ಆಗುತ್ತಾ’ ಎಂದು ಕೇಳಿದರೆ ಸಾಲದು, 4.5 ಮಿ.ಮೀ. ಪೆಲೆಟ್ ಹಿಡಿಯುತ್ತಾ ಎಂದೇ ಕೇಳಬೇಕು. ಇನ್ನೊಂದು, ಗುಂಡು ಹಾರಿದ್ದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ ಎಂಬುದು. ಲ್ಯಾಬ್‌ರೇಡಾರ್‌ನಂಥವು ಬಂದೂಕಿನ ಸದ್ದಿಗೆ ಎಚ್ಚರಗೊಳ್ಳುತ್ತವೆ. ಏರ್ ರೈಫಲ್ ಅಷ್ಟು ಸದ್ದೇ ಮಾಡುವುದಿಲ್ಲ, ಹಾಗಾಗಿ ಬೇರೆ ಟ್ರಿಗರ್ ಸೇರಿಸಬೇಕಾಗುತ್ತದೆ. ತಗಡಿನ ಶಟರ್, ತಿರುಗುವ ಫ್ಯಾನ್ ಇರುವ ಜಾಗದಲ್ಲಿ ಇನ್ನಷ್ಟು ಗೊಂದಲ. ಫ್ಯಾನಿನ ರೆಕ್ಕೆಯೂ ಓಡುವ ವಸ್ತುವೇ ತಾನೇ.

ಬೆಲೆಯ ವಿಷಯ. 2023ರಲ್ಲಿ ಬಂದ ಗಾರ್ಮಿನ್ ಝೀರೊ ಸಿ1 ಪ್ರೊ ಅಂಗೈಯಗಲದ್ದು, ಬಳಸುವುದು ಸುಲಭ. ಬಿಡುಗಡೆಯಾದಾಗ ಅಮೆರಿಕದಲ್ಲೇ ಅದರ ಬೆಲೆ ಸುಮಾರು 600 ಡಾಲರ್. ಆಮದು ಸುಂಕ ಆಮೇಲೆ. ರೇಡಿಯೊ ಅಲೆ ಹೊರಸೂಸುವ ಸಾಧನವಾದ್ದರಿಂದ ತರಿಸಿಕೊಳ್ಳಲು ಕೇಂದ್ರ ದೂರಸಂಪರ್ಕ ಇಲಾಖೆಯ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ. ನಮ್ಮ 20 ಸಾವಿರ ಎಲ್ಲಿಗೂ ಸಾಲದು. ನಳಿಕೆಯ ಮುಂದಿಟ್ಟು ಹೊಡೆಯುವ, ಬೆಳಕಿನ ಸಂವೇದಕದ ಅಗ್ಗದ ಯಂತ್ರಗಳಿವೆ, ಕೆಲವೇ ಸಾವಿರಕ್ಕೆ ಸಿಗುತ್ತವೆ. ಎರಡು ಸಂವೇದಕಗಳ ನಡುವೆ ಪೆಲೆಟ್ ದಾಟಲು ಹಿಡಿದ ಸಮಯದಿಂದ ವೇಗ ಹೇಳುತ್ತವೆ. ಬಿಸಿಲಿನ ಬೆಳಕನ್ನೇ ನಂಬುವಂಥವು ಗೋದಾಮಿಗೆ ಬೇಡ. ನಮ್ಮ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗಿ ಅವುಗಳ ತಲೆ ಕೆಡಿಸುತ್ತದೆ. ತನ್ನದೇ ಇನ್‌ಫ್ರಾರೆಡ್ ದೀಪ ಇರುವಂಥದ್ದಾದರೆ ಆಗಬಹುದು.

ಇಷ್ಟರಲ್ಲಿ ಒಂದು ವಿಷಯ ನನಗೆ ಸ್ಪಷ್ಟವಾಯಿತು. ಅವಳ ಪೆಲೆಟ್ ನಿಖರವಾಗಿ ಎಷ್ಟು ವೇಗ ಎಂಬುದು ನಮಗೆ ಬೇಕಿರಲೇ ಇಲ್ಲ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ವೇಗ ಎಷ್ಟು ಬದಲಾಗುತ್ತಿದೆ ಎಂಬುದಷ್ಟೇ ಬೇಕಿತ್ತು. ತಕ್ಕಡಿಯ ಬಟ್ಟು ಸ್ವಲ್ಪ ಸುಳ್ಳಾದರೂ ಎರಡು ಚೀಲಗಳಲ್ಲಿ ಯಾವುದು ಭಾರ ಎಂದು ಅದು ಸರಿಯಾಗಿಯೇ ಹೇಳುತ್ತದಲ್ಲ, ಹಾಗೆ. ನಿಜವಾದ ವೇಗ ಬೇಕಾಗುವ ಸಂದರ್ಭ ಬೇರೆ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಬೋರಿನ, 20 ಜೌಲ್ ಶಕ್ತಿ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ನಮ್ಮ 0.53 ಗ್ರಾಂ ಪೆಲೆಟ್ 175 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ ಎಂಟು ಜೌಲ್ ಚಿಲ್ಲರೆ. 20 ಮುಟ್ಟಬೇಕಾದರೆ ಸೆಕೆಂಡಿಗೆ 275 ಮೀಟರ್ ಹತ್ತಿರ ಹೋಗಬೇಕು. ಸ್ಪರ್ಧೆಯ ರೈಫಲ್ ಆ ಗಡಿಯ ಹತ್ತಿರವೂ ಸುಳಿಯುವುದಿಲ್ಲ. (ಲೈಸೆನ್ಸ್ ಬೇಡ ಅಂದರೆ ಹಕ್ಕಿ ಹೊಡೆಯಬಹುದು ಎಂದಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಪಕ್ಕದಲ್ಲಿ ಬೆಳೆದವನಾಗಿ ಇಷ್ಟು ಹೇಳಲೇಬೇಕು.)

ಹೊಡೆತಗಳ ನಡುವಿನ ವ್ಯತ್ಯಾಸವಷ್ಟೇ ಸಾಕು ಎಂದಾದ ಮೇಲೆ ದಾರಿಗಳು ತೆರೆದವು. ಮೊದಲಿಗೆ ನೆನಪಾದದ್ದು ಪಿಯುಸಿ ಲೆಕ್ಕದ ಬ್ಯಾಲಿಸ್ಟಿಕ್ ಪೆಂಡುಲಮ್. ಅದನ್ನು 1742ರಲ್ಲಿ ಪುಸ್ತಕ ಬರೆದು ಜಗತ್ತಿಗೆ ತಿಳಿಸಿದವರು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುವ ಭಾರಕ್ಕೆ ಗುಂಡು ಹೊಡೆದು, ಅದು ಎಷ್ಟು ತೂಗಿತು ಎಂಬುದರಿಂದ ವೇಗ ಲೆಕ್ಕ ಹಾಕಿದರು. ಗಾಳಿ ಗುಂಡನ್ನು ಎಷ್ಟು ತಡೆಯುತ್ತದೆ ಎಂಬುದು ಆಗಲೇ ಸರಿಯಾಗಿ ತಿಳಿದದ್ದು. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಬಂದ ಆ ಮನುಷ್ಯ 1751ರಲ್ಲಿ ತೀರಿಕೊಂಡದ್ದು ನಮ್ಮ ದಕ್ಷಿಣದ ಕಡಲೂರಿನ ಕೋಟೆಯಲ್ಲಿ. ಲೆಕ್ಕ ಹಾಕಿದೆ: ಒಂದು ಮೀಟರ್ ದಾರಕ್ಕೆ ಕಟ್ಟಿದ ಅರ್ಧ ಕೆ.ಜಿ. ತುಂಡು ನಮ್ಮ ಪೆಲೆಟ್ಟಿಗೆ ಐದಾರು ಸೆಂ.ಮೀ. ತೂಗುತ್ತದೆ. ಆದರೆ ವೇಗ ನೂರಕ್ಕೆ ಒಂದರಷ್ಟು ಬದಲಾದರೆ ತೂಗಾಟ ಬದಲಾಗುವುದು ಅರ್ಧ ಮಿಲಿಮೀಟರ್. ಅಷ್ಟನ್ನು ಕಣ್ಣಲ್ಲಿ ಓದುವುದು ಕಷ್ಟ.

ಕೊನೆಗೆ ಕೆಲಸ ಮಾಡಿದ್ದು ಫೋನ್. ರೈಫಲ್ ‘ಟಪ್’ ಅನ್ನುತ್ತದೆ, ಪೆಲೆಟ್ ಬಡಿದಾಗ ‘ಟಕ್’ ಅನ್ನುತ್ತದೆ. ಎರಡರ ನಡುವಿನ ಸಮಯ ಸಿಕ್ಕರೆ ವೇಗ ಸಿಕ್ಕಂತೆ. ಫೋನನ್ನು ಸರಿಯಾಗಿ ನಡುವೆ, ಐದು ಮೀಟರಿನಲ್ಲಿ, ಗುಂಡಿನ ದಾರಿಯಿಂದ ಕೆಳಗೆ ನೆಲದ ಮೇಲಿಟ್ಟರೆ ಎರಡೂ ಸದ್ದು ಫೋನಿಗೆ ತಲುಪಲು ಒಂದೇ ಸಮಯ ಹಿಡಿಯುತ್ತದೆ. ಹಾಗಾಗಿ ಶಬ್ದದ ವೇಗ ಲೆಕ್ಕದಿಂದ ಹೊರಬೀಳುತ್ತದೆ, ಉಳಿಯುವುದು ಪೆಲೆಟ್ಟಿನ ಸಮಯ ಮಾತ್ರ. ಫೋನ್ ಸೆಕೆಂಡಿಗೆ 48,000 ಸಲ ಸದ್ದಿನ ಅಳತೆ ತೆಗೆದುಕೊಳ್ಳುತ್ತದೆ. ಆ ಧ್ವನಿಯನ್ನು ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಎರಡು ಮುಳ್ಳುಗಳು ಎದ್ದು ಕಾಣುತ್ತವೆ. ನಮಗೆ ಸಿಗುವುದು 10 ಮೀಟರ್ ದಾರಿಯ ಸರಾಸರಿ ವೇಗ, ನಳಿಕೆಯ ಬಾಯಿಯಲ್ಲಿನ ವೇಗವಲ್ಲ. ಅದರಿಂದ ನಮಗೇನೂ ನಷ್ಟವಿಲ್ಲ.

ಫ್ಯಾನ್ ಆರಿಸಿ, ಬಾಗಿಲು ಹಾಕಿ, ಸೀನು ಬಂದರೂ ಮೂಗು ಹಿಡಿದುಕೊಂಡು ಕೂತೆವು. ಒಂದೊಂದು ರೈಫಲ್ಲಿಗೆ 20 ಹೊಡೆತ. ಐದೇ ಹೊಡೆತಕ್ಕೆ ತೀರ್ಪು ಕೊಡಬಾರದೆಂದು ನಾನೇ ಹಟ ಹಿಡಿದೆ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಐದು ಹೊಡೆತದಿಂದ ಸಿಗುವ ವ್ಯತ್ಯಾಸದ ಅಂದಾಜು ನಿಜಕ್ಕಿಂತ ಅರ್ಧಕ್ಕೂ ಕಡಿಮೆ ಇದ್ದೀತು, ಒಂದೂವರೆ ಪಟ್ಟು ಹೆಚ್ಚೂ ಇದ್ದೀತು. 20ರಲ್ಲಿ ಅಷ್ಟು ಮೋಸ ಆಗುವುದಿಲ್ಲ.

ನನ್ನ ರೈಫಲ್ಲಿನ ಪೆಲೆಟ್ 59.6ರಿಂದ 60.2 ಮಿಲಿಸೆಕೆಂಡಿನೊಳಗೆ ತಲುಪುತ್ತಿತ್ತು. ಅವಳದು 58.9ರಿಂದ 63.2ರವರೆಗೆ ಹರಡಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಸೂತ್ರವನ್ನೇ ಹಾಕಿ ನೋಡಿದರೆ, ಅತಿ ವೇಗದ ಪೆಲೆಟ್ಟಿಗಿಂತ ಅತಿ ನಿಧಾನದ್ದು ಎರಡೂವರೆ ಮಿಲಿಮೀಟರ್ ಕೆಳಗೆ ಬೀಳುತ್ತಿತ್ತು. ಅಂದರೆ ಸರಿಯಾಗಿ ಒಂದು ಅಂಕ! ನನ್ನದರಲ್ಲಿ ಅದೇ ಲೆಕ್ಕ ಮಿಲಿಮೀಟರಿನ ಮೂರನೇ ಒಂದು ಭಾಗ. ಅದೇ ಡಬ್ಬಿಯ ಪೆಲೆಟ್ಟುಗಳು ನನ್ನ ರೈಫಲ್ಲಿನಲ್ಲಿ ಸರಿಯಾಗಿ ಹೋಗುತ್ತಿದ್ದರಿಂದ ತಪ್ಪು ಪೆಲೆಟ್ಟಿನದಲ್ಲ. ಸಮಯ ಅಳೆಯುವಲ್ಲಿ ಅವಳ ಕೈಯ ಪಾತ್ರವೂ ಇಲ್ಲ. ಉಳಿದದ್ದು ಸಿಲಿಂಡರಿನಿಂದ ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿ ಬಿಡಬೇಕಾದ ರೆಗ್ಯುಲೇಟರ್. ಬಿಚ್ಚಿಸಿದಾಗ ಒಳಗಿನ ರಬ್ಬರ್ ಸೀಲ್ ಸವೆದಿತ್ತು.

ಹಾಳೆಯ ಮೇಲೆ ಬರೆದ 40 ಅಂಕಿಗಳನ್ನು ಅವಳೇ ಅಪ್ಪನ ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು, ಮಾರುಕಟ್ಟೆಯ ದರಪಟ್ಟಿ ಓದುವ ಹಾಗೆ ಕೆಳಗಿನವರೆಗೂ ಬೆರಳಾಡಿಸಿದರು. ‘ಅಂದ್ರ ನಿನ್ನ ಕೈ ಚಲೋ ಐತಿ’ ಅಂದರು. ‘ಅದು ಇನ್ನೂ ಗೊತ್ತಾಗಿಲ್ರಿ ಅಪ್ಪಾ, ರೈಫಲ್ ಚಲೋ ಇಲ್ಲ ಅನ್ನೋದಷ್ಟ ಗೊತ್ತಾಗೈತಿ’ ಅಂದಳು ಅವಳು. ಫಿಸಿಕ್ಸ್ ಓದಬೇಕಾದವಳು ಬಿ.ಕಾಂ. ಓದುತ್ತಿದ್ದಾಳೆ.

ಹಾಗಾದರೆ ರೇಡಾರ್ ಬೇಡವೇ? 50 ಮೀಟರ್ .22 ಹೊಡೆಯುವ ಕ್ಲಬ್ಬಿನವರಿಗೆ, ಇಡೀ ದಿನ ಹತ್ತಾರು ರೈಫಲ್ ಪರೀಕ್ಷಿಸುವವರಿಗೆ ಅದು ಹಣಕ್ಕೆ ತಕ್ಕದ್ದು. ದೂರ ಹೆಚ್ಚಿದಷ್ಟೂ ವೇಗದ ಸಣ್ಣ ಏರುಪೇರು ದೊಡ್ಡದಾಗಿ ಕಾಣುತ್ತದೆ. ಬಯಲಿನ ರೇಂಜಿನಲ್ಲಿ ಗಾಳಿ, ಅಕ್ಕಪಕ್ಕದ ಹೊಡೆತಗಳ ನಡುವೆ ಫೋನಿಗೆ ‘ಟಪ್ ಟಕ್’ ಸರಿಯಾಗಿ ಕೇಳುವುದೂ ಇಲ್ಲ. 10 ಮೀಟರಿನಲ್ಲಿ ಲೆಕ್ಕ ಬೇರೆ: ವೇಗ ನೂರಕ್ಕೆ ಒಂದರಷ್ಟು ಬದಲಾದರೆ ಹೋಗುವುದು ಹೆಚ್ಚುಕಡಿಮೆ 0.1 ಅಂಕ. ಆ 0.1ರ ಚಿಂತೆ 625 ದಾಟುವವರಿಗೆ ಇರಲಿ. ನಾವಿನ್ನೂ 600ರ ಆಸುಪಾಸಿನಲ್ಲಿದ್ದೇವೆ.

20 ಸಾವಿರದಲ್ಲಿ ಸೀಲ್ ಬದಲಾಯಿಸಿದ ಖರ್ಚು ಹೋಗಿ, ಪೆಲೆಟ್ ಡಬ್ಬಿಗಳು ಬಂದು, ಸ್ಪರ್ಧೆಗೆ ಬೆಂಗಳೂರಿಗೆ ಹೋಗಿಬರುವ ರೈಲು ಟಿಕೆಟ್ಟಿಗೂ ಉಳಿದಿದೆ. ಸೀಲ್ ಹಾಕಿದ ಮೇಲೆ ಅವಳ 20 ಹೊಡೆತ 59.4ರಿಂದ 60.1ರೊಳಗೆ ನಿಂತವು. ಈಗ ಅವಳಿಗೆ ಹೊಸ ಅನುಮಾನ: ಒಂದೇ ಡಬ್ಬಿಯ ಪೆಲೆಟ್ಟುಗಳ ತೂಕ ಒಂದೇ ಇರುತ್ತದೆಯೇ? ಹಾವೇರಿಯ ಅಕ್ಕಸಾಲಿಗರೊಬ್ಬರು ಮಧ್ಯಾಹ್ನ ಗಿರಾಕಿ ಇಲ್ಲದಾಗ ತಮ್ಮ ತಕ್ಕಡಿ ಕೊಡುತ್ತೇನೆಂದಿದ್ದಾರೆ. 500 ಪೆಲೆಟ್ಟಿನ ಡಬ್ಬಿ ಹಿಡಿದು ಮುಂದಿನ ಶನಿವಾರ ಹೋಗುತ್ತಿದ್ದೇವೆ.